ಒಂಬತ್ತೂವರೆ ಲಕ್ಷ ಪದಗಳು, ಒಂದು ಅರ್ಕಾವತ್ತು

ಕಳೆದ ಚಳಿಗಾಲದ ಒಂದು ಭಾನುವಾರ ಸಂಜೆ ಸೆಲ್ಲಿ ಓಕ್‌ನ ಮನೆಯೊಂದರ ಊಟದ ಮೇಜಿನ ಸುತ್ತ ನಾವು ಕೆಲವು ಸ್ವಯಂಸೇವಕರು ಕುಳಿತಿದ್ದೆವು. ಮಕ್ಕಳ ಮನೆಗೆಂದು ಊರಿನಿಂದ ಬಂದು ಕೆಲವು ತಿಂಗಳು ಇಲ್ಲಿ ತಂಗುವ ಹಿರಿಯರಿಗಾಗಿ ಕನ್ನಡದಲ್ಲಿ ಒಂದು ಆರೋಗ್ಯ ಕೈಪಿಡಿಯನ್ನು ಸಿದ್ಧಪಡಿಸುವುದು ನಮ್ಮ ಉದ್ದೇಶವಾಗಿತ್ತು. ನೋವನ್ನು ವೈದ್ಯರಿಗೆ ಹೇಗೆ ವಿವರಿಸಬೇಕು, 999ಕ್ಕೆ ಯಾವಾಗ ಕರೆ ಮಾಡಬೇಕು, 111ಕ್ಕೆ ಯಾವಾಗ, ಊರಿನಿಂದ ತಂದ ಮಾತ್ರೆಗಳ ವಿವರವನ್ನು ಇಲ್ಲಿ ಹೇಗೆ ತಿಳಿಸಬೇಕು ಎಂಬಂತಹ ಸಣ್ಣ ಸಂಗತಿಗಳು. ಕರಡು ಪ್ರತಿಯನ್ನು ಅದೇ ಮನೆಯಲ್ಲಿ ಅತಿಥಿಯಾಗಿದ್ದ, ಮೈಸೂರಿನಿಂದ ಬಂದ ಹಿರಿಯರೊಬ್ಬರ ಕೈಗಿತ್ತೆವು. ಅವರು ಕನ್ನಡಕವನ್ನು ಏರಿಸಿಕೊಂಡು ನಿಧಾನವಾಗಿ ಓದಿ, ನಾಲ್ಕನೆಯ ಪುಟದಲ್ಲಿ ಬೆರಳಿಟ್ಟು ಕೇಳಿದರು: “ಅಲ್ಲಾ ಡಾಕ್ಟ್ರೇ, ಇಲ್ಲಿ ‘ಅಧ ಮಾತ್ರೆ’ ಅಂತಿದೆಯಲ್ಲ, ಅಧಿಕ ಅಂತಲೋ?”

ನಾವು ಬರೆದದ್ದು ‘ಅರ್ಧ ಮಾತ್ರೆ’. ಒಂದು ಪಿಡಿಎಫ್ ಕಡತದಿಂದ ಪಠ್ಯವನ್ನು ನಕಲು ಮಾಡಿ ಬೇರೊಂದೆಡೆ ಅಂಟಿಸುವಾಗ ಅರ್ಕಾವತ್ತು ಸದ್ದಿಲ್ಲದೆ ಉದುರಿಹೋಗಿತ್ತು. ಉಳಿದ ಹನ್ನೊಂದು ಪುಟಗಳು ನೆಟ್ಟಗಿದ್ದವು. ನಮ್ಮಲ್ಲಿ ಮೂವರು ಅದನ್ನು ತಿದ್ದಿ ಓದಿದ್ದೆವು. ಮೂವರ ಕಣ್ಣಿಗೂ ಅದು ‘ಅರ್ಧ’ವೆಂದೇ ಕಂಡಿತ್ತು, ಏಕೆಂದರೆ ನಮಗೆ ಅಲ್ಲಿ ಏನಿರಬೇಕೆಂದು ಮೊದಲೇ ತಿಳಿದಿತ್ತು. ಆ ರಾತ್ರಿ ಮೇಜಿನ ಮೇಲೆ ಉಳಿದ ಪ್ರಶ್ನೆ ಒಂದೇ: ಇಂತಹ ಒಂದು ವಸ್ತು ‘ಸಿದ್ಧವಾಗಿದೆ’ ಎಂದು ಹೇಳುವ ಹಕ್ಕು ನಮಗೆ ಯಾವಾಗ ಬರುತ್ತದೆ?

ಉತ್ತರವನ್ನು ಹುಡುಕುತ್ತ ಹೋದಾಗ ಎದುರಾದದ್ದು, ಕನ್ನಡದ ಅಕ್ಷರಗಳನ್ನೇ ತೆರೆಯ ಮೇಲೆ ಜೋಡಿಸುವ ಒಂದು ಮುಕ್ತ ತಂತ್ರಾಂಶದ ಇತಿಹಾಸ. ಅದರ ಹೆಸರನ್ನು ನಮ್ಮ ಸದಸ್ಯರಲ್ಲಿ ಬಹುಮಂದಿ ಕೇಳಿರಲಾರರು. ಆದರೂ ಈ ಸಾಲನ್ನು ನೀವು ಮೊಬೈಲಿನಲ್ಲಿ ಓದುತ್ತಿದ್ದರೆ, ಬಹುಪಾಲು ಅದೇ ಇದನ್ನು ನಿಮಗೆ ಜೋಡಿಸಿ ತೋರಿಸುತ್ತಿದೆ.

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಗಣಕದ ನೆನಪಿನಲ್ಲಿ ಅದು ಏಳು ಸಂಕೇತಗಳ ಸಾಲು: ಕ, ರ, ವಿರಾಮ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ. ಉಚ್ಚಾರಣೆಯ ಕ್ರಮವೂ ಇದೇ. ಆದರೆ ಬರೆಯುವಾಗ ನಮ್ಮ ಕೈ ‘ನಾ’ವನ್ನು ಮೊದಲು ಬರೆದು, ಅದರ ಬಲಕ್ಕೆ ಅರ್ಕಾವತ್ತನ್ನು ಇಡುತ್ತದೆ. ಎಂದರೆ ಮೊದಲು ನುಡಿದ ‘ರ್’ ಕಣ್ಣಿಗೆ ನಂತರ ಕಾಣಿಸುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ ಈ ಪದ್ಧತಿ ನಮಗೆ ಸಹಜ. ಗಣಕಕ್ಕೆ ಯಾರಾದರೂ ಒಂದೊಂದಾಗಿ ಹೇಳಿಕೊಡಬೇಕು. ‘ಶಾಸ್ತ್ರ’ದಲ್ಲಿ ಸಕಾರದ ಕೆಳಗೆ ತಕಾರ, ಅದರ ಮಗ್ಗುಲಿಗೆ ರಕಾರದ ಒತ್ತು, ‘ಕ್ಷ’ಕ್ಕೆ ಬೇರೆಯೇ ಆಕಾರ, ‘ಕೊ’ ಎಂಬಲ್ಲಿ ಎತ್ವದ ತಲೆ ಮೇಲೆ, ಕೊಂಬು ಬಲಕ್ಕೆ. ಸಂಕೇತಗಳ ಸಾಲನ್ನು ಓದಿ, ಯಾವ ರೂಪವನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವ ಈ ಕಾರ್ಯವನ್ನು ತಂತ್ರಜ್ಞರು ‘ಶೇಪಿಂಗ್’ ಎನ್ನುತ್ತಾರೆ. ಅಕ್ಷರಜೋಡಣೆ ಎಂದು ನಾವು ಕರೆಯೋಣ. ಇದನ್ನು ಪ್ರತಿಯೊಂದು ತಂತ್ರಾಂಶವೂ ತಾನೇ ಮಾಡಿಕೊಳ್ಳುವುದಿಲ್ಲ. ಒಂದೆಡೆ ಬರೆದಿಟ್ಟು, ಬೇಕಾದ ತಂತ್ರಾಂಶಗಳೆಲ್ಲ ಕರೆದು ಬಳಸಿಕೊಳ್ಳುವ ಇಂತಹ ಸಿದ್ಧ ಭಾಗಕ್ಕೆ ಗಣಕಲೋಕದಲ್ಲಿ ‘ಲೈಬ್ರರಿ’ ಎಂದು ಹೆಸರು.

ನಮ್ಮಲ್ಲಿ ನಲವತ್ತು ದಾಟಿದವರಿಗೆ ಇದಕ್ಕಿಂತ ಹಿಂದಿನ ಕಾಲ ನೆನಪಿರಬೇಕು. 1998ರ ಆರಂಭದಲ್ಲಿ ‘ಬರಹ’ ಬಂದಾಗ ಪರದೇಶದ ಕನ್ನಡಿಗರು ಪಟ್ಟ ಸಂಭ್ರಮ ಕಡಿಮೆಯದಲ್ಲ. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅದರ ಹಿಂದಿನ ಕೀಲಿಮಣೆ ಕೆ.ಪಿ. ರಾಯರ ಚಿಂತನೆಯ ಫಲ. ಆದರೆ ಅಂದಿನ ಅಕ್ಷರಗಳು ಆಯಾ ಫಾಂಟಿಗೆ ಕಟ್ಟುಬಿದ್ದವು. ಊರಿಗೆ ಕಳುಹಿಸಿದ ಪತ್ರ ಆ ಫಾಂಟು ಇಲ್ಲದ ಯಂತ್ರದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ, ಆ ಸಂಕೇತಗಳನ್ನು ಸರಿಯಾಗಿ ಜೋಡಿಸಿ ತೋರಿಸುವ ವ್ಯವಸ್ಥೆ ಸಾಮಾನ್ಯ ಬಳಕೆದಾರನ ಮನೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಡನೆ, ‘ತುಂಗಾ’ ಫಾಂಟಿನ ಜೊತೆಯಲ್ಲಿ. ಮೈಕ್ರೋಸಾಫ್ಟ್‌ನ ಆ ಅಕ್ಷರಜೋಡಕದ ಹೆಸರು ಯೂನಿಸ್ಕ್ರೈಬ್. ಅದರ ಒಳಗು ಹೊರಗಿನವರಿಗೆ ಕಾಣುತ್ತಿರಲಿಲ್ಲ.

ಮುಕ್ತ ತಂತ್ರಾಂಶದ ಕಡೆ ಪರಿಸ್ಥಿತಿ ಬೇರೆ. ಫ್ರೀಟೈಪ್ ಎಂಬ ಯೋಜನೆಯಲ್ಲಿ ಹುಟ್ಟಿದ ಹಳೆಯ ತುಣುಕೊಂದನ್ನು ಪ್ಯಾಂಗೋ ಎಂಬ ಯೋಜನೆಯವರು ಒಂದು ಬಗೆಯಲ್ಲಿ, ಕ್ಯೂಟಿ ಎಂಬ ಯೋಜನೆಯವರು ಇನ್ನೊಂದು ಬಗೆಯಲ್ಲಿ ಬೆಳೆಸಿಕೊಂಡಿದ್ದರು. ಒಂದರಲ್ಲಿ ಸರಿಹೋದ ತಪ್ಪು ಇನ್ನೊಂದರಲ್ಲಿ ಉಳಿಯುತ್ತಿತ್ತು. ಈ ಕವಲುಗಳನ್ನು ಒಂದುಗೂಡಿಸಿ, ಕೊನೆಗೆ ಬುಡದಿಂದಲೇ ಹೊಸದಾಗಿ ಬರೆಯುವ ಹೊಣೆ ಹೊತ್ತವರು ಬೆಹದಾದ್ ಎಸ್ಫಹಬೋದ್. ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ವಲಸೆ ಹೋದವರು. ಮೊದಲು ರೆಡ್ ಹ್ಯಾಟ್ ಸಂಸ್ಥೆಯಲ್ಲಿ, ಬಳಿಕ ಗೂಗಲ್‌ನಲ್ಲಿ ದುಡಿದವರು. ಫೈರ್‌ಫಾಕ್ಸ್ ಕಡೆಯಿಂದ ಜೊನಾಥನ್ ಕ್ಯೂ ಅವರಂತಹವರ ಕೊಡುಗೆಯೂ ಸೇರಿತು. ಲೈಬ್ರರಿಗೆ ಇಟ್ಟ ಹೆಸರು ‘ಹಾರ್ಫ್‌ಬಜ್’. ಪಾರಸಿಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ‘ಓಪನ್‌ಟೈಪ್’ ಎಂಬ ಫಾಂಟ್ ತಂತ್ರಜ್ಞಾನದ ಹೆಸರನ್ನು ಅವರು ತಮ್ಮ ತಾಯ್ನುಡಿಗೆ ತಂದುಕೊಂಡ ರೀತಿ ಅದು. ಪರದೇಶದಲ್ಲಿ ಕುಳಿತು ಮಾತೃಭಾಷೆಯ ಅಕ್ಷರಕ್ಕಾಗಿ ಪರಿತಪಿಸುವುದು ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಇಲ್ಲಿನ ವಿಶೇಷವೆಂದರೆ, ಆ ಕೆಲಸ ಪಾರಸಿಗೆ ನಿಲ್ಲದೆ, ತಮಗೆ ಓದಲು ಬಾರದ ಕನ್ನಡದವರೆಗೂ ಬಂದದ್ದು.

ಓದಲು ಬಾರದ ಲಿಪಿಯ ಜೋಡಣೆ ಸರಿಯಾಗಿದೆಯೆಂದು ಹೇಳುವುದು ಹೇಗೆ? ಈ ಇತಿಹಾಸದಲ್ಲಿ ನಮಗೆ ಅತ್ಯಂತ ರುಚಿಸಿದ ಭಾಗವಿದು. ಅವರು ಅನುಸರಿಸಿದ ಉಪಾಯ ಸರಳ. ಆಯಾ ಭಾಷೆಯ ವಿಕಿಪೀಡಿಯದಿಂದ ಪದಗಳನ್ನು ಸಂಗ್ರಹಿಸಿದರು. ಒಂದೇ ಫಾಂಟಿನಲ್ಲಿ ಪ್ರತಿಯೊಂದು ಪದವನ್ನೂ ಯೂನಿಸ್ಕ್ರೈಬ್‌ನಿಂದ ಒಮ್ಮೆ, ತಮ್ಮ ಲೈಬ್ರರಿಯಿಂದ ಒಮ್ಮೆ ಜೋಡಿಸಿ ಎರಡನ್ನೂ ಹೋಲಿಸಿದರು. ಕನ್ನಡದ ಪಟ್ಟಿಯಲ್ಲಿದ್ದದ್ದು 9,51,913 ಪದಗಳು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಊರಿನ ಹೆಸರು, ಹಕ್ಕಿಯ ಹೆಸರು, ಚಿತ್ರನಟರ ಬದುಕು ಬರೆಯುತ್ತ ಹೋದ ಸಂಪಾದಕರು, ತಾವು ಇಂತಹದೊಂದು ಪರೀಕ್ಷೆಗೆ ಪ್ರಶ್ನಪತ್ರಿಕೆಯನ್ನು ಬರೆಯುತ್ತಿದ್ದೇವೆಂದು ಊಹಿಸಿಯೂ ಇರಲಾರರು.

ಪ್ರತಿಯೊಂದು ಮಹತ್ತ್ವದ ಬದಲಾವಣೆಯ ಟಿಪ್ಪಣಿಯಲ್ಲೂ ಭಾಷಾವಾರು ಅಂಕಗಳನ್ನು ದಾಖಲಿಸಲಾಯಿತು. ಒಂದು ಹಂತದಲ್ಲಿ ಕನ್ನಡದಲ್ಲಿ ಹೊಂದಿಕೆಯಾಗದ ಪದಗಳು 883. ಕೆಲವು ತಿದ್ದುಪಡಿಗಳ ಬಳಿಕ 723, ಮತ್ತೆ 712. ಎಂದರೆ ಸಾವಿರಕ್ಕೆ ಒಂದಕ್ಕೂ ಕಡಿಮೆ. ತೆಲುಗಿನಲ್ಲಿ 9,70,573 ಪದಗಳಿಗೆ 18 ಮಾತ್ರ. ಒತ್ತಕ್ಷರಗಳ ಗೋಜು ಕಡಿಮೆಯಿರುವ ತಮಿಳಿನಲ್ಲಿ 10,91,754 ಪದಗಳಲ್ಲಿ ಹೊಂದದೆ ಉಳಿದದ್ದು ಒಂದೇ ಒಂದು. ಕನ್ನಡಕ್ಕೆ ಅರ್ಕಾವತ್ತಿನ ದೆಸೆಯಿಂದ ಹೆಚ್ಚು ಪ್ರಯಾಸವಾಯಿತೇ ಎಂದು ನಮಗೆ ಅನುಮಾನ ಬಂದದ್ದುಂಟು. ಅದು ನಮ್ಮ ಅನುಮಾನವೇ ಹೊರತು ಟಿಪ್ಪಣಿಯ ಮಾತಲ್ಲ.

712 ಎಂಬುದನ್ನು 712 ತಪ್ಪುಗಳೆಂದು ಓದಬಾರದು. ಎರಡು ಪ್ರಯೋಗಾಲಯಗಳ ವರದಿಗಳು ಹೊಂದಿಕೆಯಾಗದಿದ್ದರೆ ಯಾವುದು ತಪ್ಪೆಂದು ವರದಿಯೇ ಹೇಳುವುದಿಲ್ಲ, ರೋಗಿಯನ್ನು ನೋಡಬೇಕು. ಯೂನಿಸ್ಕ್ರೈಬ್‌ನಲ್ಲೂ ದೋಷಗಳಿದ್ದವು. ಹೋಲಿಕೆಗೆಂದೇ ಅದರ ದೋಷಗಳನ್ನೂ ಅನುಕರಿಸುವ ಒಂದು ಆಯ್ಕೆಯನ್ನು ಹಾರ್ಫ್‌ಬಜ್‌ನಲ್ಲಿ ಇರಿಸಿದ್ದರೆಂಬುದು ವಿನೋದದ ಸಂಗತಿ. ಹೀಗಾಗಿ ಅವರ ಗುರಿ ಸೊನ್ನೆಯಾಗಿರಲಿಲ್ಲ. ಉಳಿದ ವ್ಯತ್ಯಾಸಗಳ ಸ್ವರೂಪ ಗೊತ್ತಿದೆಯೇ, ಹೊಸ ತಿದ್ದುಪಡಿಯಿಂದ ಹಳೆಯದೇನಾದರೂ ಕೆಟ್ಟಿತೇ ಎಂಬುದೇ ಮುಖ್ಯವಾಗಿತ್ತು. ಅಂಕ ಒಮ್ಮೆಗೇ ಏರಿದರೆ ಎಲ್ಲಿ ಎಡವಿದೆವೆಂದು ಅದೇ ದಿನ ತಿಳಿಯುತ್ತಿತ್ತು. ವಾರ್ಡಿನಲ್ಲಿ ಜ್ವರದ ಪಟ್ಟಿಯನ್ನು ತೂಗುಹಾಕುವುದೂ ಇದಕ್ಕಾಗಿಯೇ.

2012ರ ಆಗಸ್ಟ್ 10ರಂದು 0.9.2 ಎಂಬ ಆವೃತ್ತಿ ಹೊರಬಂತು. ಹೊಸ ಹಾರ್ಫ್‌ಬಜ್‌ನ ಮೊದಲ ದೊಡ್ಡ ಬಿಡುಗಡೆ ಇದೇ ಎಂದೂ, ಬೇಕಾದ ಕಾರ್ಯಗಳೆಲ್ಲ ಪೂರ್ಣಗೊಂಡಿವೆಯೆಂದೂ ಅದರ ಘೋಷಣೆ ಸಾರಿತು. ಭಾರತೀಯ ಲಿಪಿಗಳ ಹೊಸ ಜೋಡಕ ಅದರಲ್ಲಿತ್ತು. ಅದೇ ವರ್ಷದ ಜುಲೈನಲ್ಲಿ ಬಂದ ಆಂಡ್ರಾಯ್ಡ್ 4.1 ತನ್ನ ಪಟ್ಟಿಗೆ ಕನ್ನಡ, ತೆಲುಗು, ಮಲಯಾಳಗಳನ್ನು ಸೇರಿಸಿಕೊಂಡಿತ್ತು. ಅದಕ್ಕೆ ಮೊದಲು ಊರಿನಿಂದ ಬಂದ ಕನ್ನಡದ ಸಂದೇಶಗಳು ನಮ್ಮ ಫೋನಿನಲ್ಲಿ ಚೌಕಗಳ ಸಾಲಾಗಿ ನಿಲ್ಲುತ್ತಿದ್ದುದನ್ನು ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ.

ಎಲ್ಲವೂ ಪೂರ್ಣಗೊಂಡಿದ್ದರೆ ಸಂಖ್ಯೆ 0.9 ಏಕೆ? ತಂತ್ರಾಂಶದವರ ರೂಢಿಯಲ್ಲಿ ಒಂದಕ್ಕಿಂತ ಕೆಳಗಿನ ಸಂಖ್ಯೆಯೆಂದರೆ ‘ಬಳಸಿ, ಆದರೆ ನಂಬಿ ಮನೆ ಕಟ್ಟಬೇಡಿ’ ಎಂದು. 1.0 ಎಂಬುದು ಗುಣಮಟ್ಟದ ಪ್ರಮಾಣಪತ್ರವಷ್ಟೇ ಅಲ್ಲ, ಒಂದು ವಾಗ್ದಾನ. ಇದರ ಮೇಲೆ ಆಧರಿಸಿ ನೀವು ಕಟ್ಟಿದ್ದನ್ನು ನಾಳೆ ನಮ್ಮ ಬದಲಾವಣೆಯಿಂದ ಕೆಡವುವುದಿಲ್ಲ ಎಂಬ ಮಾತು. ಈ ವಾಗ್ದಾನಕ್ಕೆ ಹೆದರುವವರು ಬಹಳ. ಟೆಕ್ ಎಂಬ ಪ್ರಸಿದ್ಧ ಮುದ್ರಣ ತಂತ್ರಾಂಶವನ್ನು ರಚಿಸಿದ ಡೊನಾಲ್ಡ್ ಕ್ನೂತ್ ಅವರಂತೂ ಆವೃತ್ತಿಯ ಸಂಖ್ಯೆ 3.14ರಿಂದ ಮುಂದಕ್ಕೆ ‘ಪೈ’ಯ ಒಂದೊಂದೇ ಅಂಕಿಯಾಗಿ ಬೆಳೆಯಲೆಂದು ವಿಧಿಸಿದರು, ಎಂದೆಂದಿಗೂ ಸಮೀಪಿಸಬಹುದು, ಮುಟ್ಟಲಾಗದು. ಡೆಬಿಯನ್ ಎಂಬ ಮುಕ್ತ ವ್ಯವಸ್ಥೆಯ ಸ್ವಯಂಸೇವಕರು ‘ಸಿದ್ಧವಾದಾಗ ಬಿಡುಗಡೆ’ ಎಂಬುದನ್ನೇ ನಿಯಮವಾಗಿಸಿಕೊಂಡು, 2002ರ ಬಳಿಕ ಮುಂದಿನ ಆವೃತ್ತಿಗೆ ಮೂರು ವರ್ಷ ಕಾಯಿಸಿದರು. ಕಾದವರ ಗೊಣಗಾಟ ಸಹಜವೇ.

ಹಾರ್ಫ್‌ಬಜ್ ಕೂಡ ಮೂರು ವರ್ಷ 0.9ರಲ್ಲೇ ಉಳಿಯಿತು. ಅಷ್ಟರಲ್ಲಿ ಲೋಕ ಅದನ್ನು ಒಪ್ಪಿಕೊಂಡಾಗಿತ್ತು. 2011ರ ಮಾರ್ಚ್‌ನಲ್ಲಿ ಬಂದ ಫೈರ್‌ಫಾಕ್ಸ್ 4 ಅದನ್ನು ಒಳಗೊಂಡಿತ್ತು. 2013ರಲ್ಲಿ ಲಿನಕ್ಸ್‌ನ ಲಿಬ್ರೆಆಫೀಸ್ 4.1 ಬಂತು. ಕೋಟ್ಯಂತರ ಜನರ ಕೈಯಲ್ಲಿದ್ದ ವಸ್ತುವಿಗೆ ‘ಇನ್ನೂ ಸಿದ್ಧವಿಲ್ಲ’ ಎಂಬ ಚೀಟಿ ಅಂಟಿಕೊಂಡೇ ಇತ್ತು. ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುವಾಗ ಲಗ್ನಪತ್ರಿಕೆ ಅಚ್ಚಾದಂತೆ, 2015ರ ಜುಲೈ 26ರಂದು 1.0 ಪ್ರಕಟವಾಯಿತು. ಅದರೊಡನೆ ಬಂದ ಮುಖ್ಯ ಹೊಸತು, ಪ್ರತಿ ಲಿಪಿಗೂ ಪ್ರತ್ಯೇಕ ನಿಯಮ ಬರೆಯದೆ ಹತ್ತಾರು ಲಿಪಿಗಳನ್ನು ಜೋಡಿಸಬಲ್ಲ ಒಂದು ಸಾರ್ವತ್ರಿಕ ವ್ಯವಸ್ಥೆ.

ಇಲ್ಲೊಂದು ಕಾಕತಾಳೀಯವನ್ನು ಹೇಳದೆ ಮುಂದುವರಿಯಲಾರೆವು. ಅದೇ ವಾರ, ಜುಲೈ 22ರಂದು, ನಮ್ಮ ಸೆಲ್ಲಿ ಓಕ್‌ಗೆ ಹೊಂದಿಕೊಂಡ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯವು ತನ್ನಲ್ಲಿರುವ ಎರಡು ಕುರ್‌ಆನ್ ಹಾಳೆಗಳ ಚರ್ಮ 568ರಿಂದ 645ರ ನಡುವಿನದೆಂದು ಘೋಷಿಸಿ ಜಗತ್ತಿನ ಗಮನ ಸೆಳೆಯಿತು. 1920ರ ದಶಕದಲ್ಲಿ ಅಲ್ಫೋನ್ಸ್ ಮಿಂಗಾನಾ ಅವರು ಎಡ್ವರ್ಡ್ ಕ್ಯಾಡ್‌ಬರಿಯವರ ನೆರವಿನಿಂದ ತಂದ ಹಸ್ತಪ್ರತಿಗಳ ಸಂಗ್ರಹಕ್ಕೆ ಸೇರಿದ ಅವು ಬಹುಕಾಲ ಸೆಲ್ಲಿ ಓಕ್ ಕಾಲೇಜುಗಳಲ್ಲೇ ಇದ್ದವು. ಆ ಹಾಳೆಗಳು ಇನ್ನೊಂದು ಹಸ್ತಪ್ರತಿಯ ಹಾಳೆಗಳೊಡನೆ ತಪ್ಪಾಗಿ ಸೇರಿ ಹೊಲಿಯಲ್ಪಟ್ಟಿದ್ದವು. ಎಷ್ಟೋ ಕಣ್ಣುಗಳು ಅವುಗಳ ಮೇಲೆ ಹಾದುಹೋಗಿದ್ದವು. ‘ಅಧ ಮಾತ್ರೆ’ಯನ್ನು ಮೂವರು ಓದಿದ ನಮಗೆ ಇದರಿಂದ ಸ್ವಲ್ಪ ಸಮಾಧಾನವಾದದ್ದು ನಿಜ.

1.0 ಬಂದಿತೆಂದು ಕನ್ನಡದ ಕಥೆ ಮುಗಿಯಲಿಲ್ಲ. ‘ಸೂರ್ಯ’ ಎಂಬಲ್ಲಿ ನಾವು ಯಕಾರಕ್ಕೆ ಅರ್ಕಾವತ್ತು ಕೊಡುತ್ತೇವೆ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ ಎಂದು ಬರೆಯುವಾಗ ರಕಾರ ಪೂರ್ಣವಾಗಿ ನಿಂತು ಯಕಾರ ಅದರ ಒತ್ತಾಗಬೇಕು. ಎರಡರಲ್ಲೂ ಸಂಕೇತಗಳು ಒಂದೇ ಆದುದರಿಂದ, ವ್ಯತ್ಯಾಸವನ್ನು ಸೂಚಿಸಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಚಿಹ್ನೆಯನ್ನು ಹಾಕುವ ಪದ್ಧತಿಯಿದೆ. ಯೂನಿಕೋಡ್‌ನ ಸೂಚನೆಯಂತೆ ಅದು ವಿರಾಮ ಚಿಹ್ನೆಗೆ ಮೊದಲು ಬರಬೇಕು. ಆದರೆ ಕನ್ನಡಿಗರು ಅದಾಗಲೇ ವಿರಾಮದ ನಂತರ ಹಾಕಿ ಟೈಪಿಸಿದ ಪಠ್ಯವೂ ಬಳಕೆಯಲ್ಲಿತ್ತು. ನಿಯಮದಂತೆ ತೋರಿಸಿದರೆ ಹಳೆಯ ಪಠ್ಯ ಕೆಡುತ್ತದೆ. ರೂಢಿಯಂತೆ ತೋರಿಸಿದರೆ ನಿಯಮ ಸಡಿಲವಾಗುತ್ತದೆ. ಅಧಿಕೃತ ಬಿಡುಗಡೆಯ ಬಳಿಕ ಬಂದ ದೂರಿನ ಮೇಲೆ ಹಾರ್ಫ್‌ಬಜ್‌ನವರು ಎರಡು ಬಗೆಯ ಬರವಣಿಗೆಗೂ ಒಂದೇ ರೂಪ ಬರುವಂತೆ ತಿದ್ದಿದರು. ಕನ್ನಡದ ಹಳೆಯ ಬಳಕೆಗೆ ಹೊಂದಿಕೊಳ್ಳಲೆಂದು ಹೀಗೆ ಮಾಡಲಾಗಿದೆ ಎಂಬ ಟಿಪ್ಪಣಿ ಆ ಸಾಲುಗಳ ಪಕ್ಕದಲ್ಲೇ ಇದೆ. ಒಂಬತ್ತೂವರೆ ಲಕ್ಷ ಪದಗಳ ಹೋಲಿಕೆಯ ಬಳಿಕವೂ ಇದಕ್ಕೆ ಕನ್ನಡ ಬರೆಯುವ ಜನರ ದೂರೇ ಬೇಕಾಯಿತು.

ಹಾಗಾದರೆ ಬೇಗನೆ ಬಿಡುಗಡೆ ಮಾಡಿ, ದೂರು ಬಂದಂತೆ ತಿದ್ದಿಕೊಳ್ಳುವುದೇ ವಿವೇಕವೇ? ತಿದ್ದಲು ಸಾಧ್ಯವಾಗುವ ವಸ್ತುವಿಗೆ ಹೌದು. ಎಲ್ಲ ವಸ್ತುಗಳೂ ಹಾಗಿಲ್ಲ ಎಂಬುದಕ್ಕೆ ನಮ್ಮ ಊರಿನಲ್ಲೇ ಒಂದು ಸಾಕ್ಷಿಯಿದೆ. ಸೆಲ್ಲಿ ಓಕ್ ನಿಲ್ದಾಣದಿಂದ ರೈಲು ಹತ್ತಿ ನ್ಯೂ ಸ್ಟ್ರೀಟಿನಲ್ಲಿಳಿದು ಸೆಂಟಿನರಿ ಸ್ಕ್ವೇರಿನವರೆಗೆ ನಡೆದರೆ, ಬ್ಯಾಸ್ಕರ್‌ವಿಲ್ ಹೌಸಿನ ಮುಂದೆ ಆಳೆತ್ತರದ ಕಲ್ಲಿನ ಅಚ್ಚುಗಳು ನಿಂತಿವೆ. ಮಕ್ಕಳು ಅವುಗಳ ನಡುವೆ ಓಡಾಡುತ್ತಾರೆ. ಮೇಲೆ ಕೆತ್ತಿದ ಅಕ್ಷರಗಳು ಅಚ್ಚಿನಲ್ಲಿರುವಂತೆ ತಿರುಗುಮುರುಗು. ಸೇರಿಸಿ ಓದಿದರೆ ‘ವರ್ಜಿಲ್’. 1990ರಲ್ಲಿ ಡೇವಿಡ್ ಪ್ಯಾಟನ್ ಎಂಬ ಶಿಲ್ಪಿ ನಿರ್ಮಿಸಿದ್ದು. ಜಾನ್ ಬ್ಯಾಸ್ಕರ್‌ವಿಲ್ ಎಂಬ ಹದಿನೆಂಟನೆಯ ಶತಮಾನದ ಮುದ್ರಕನ ನೆನಪು ಅದು.

ಆತ ಮೊದಲು ಸುಂದರಾಕ್ಷರ ಕಲಿಸುವ ಉಪಾಧ್ಯಾಯ. ಅನಂತರ ಲೋಹದ ಸಾಮಾನುಗಳಿಗೆ ಅರಗಿನಂತಹ ಮೆರುಗು ಬಳಿಯುವ ಉದ್ಯಮದಲ್ಲಿ ಹಣ ಗಳಿಸಿದ. 1750ರ ಸುಮಾರಿಗೆ ಅಚ್ಚುಮೊಳೆಗಳ ಕೆಲಸಕ್ಕೆ ಕೈಹಾಕಿದ. 1754ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಮುದ್ರಿಸುವುದಾಗಿ ಮಾದರಿ ಹಾಳೆಯೊಡನೆ ಪ್ರಕಟಣೆ ಹೊರಡಿಸಿದ. ಪುಸ್ತಕ ಚಂದಾದಾರರ ಕೈ ಸೇರಿದ್ದು 1757ರಲ್ಲಿ. ಅಕ್ಷರ, ಮಸಿ, ಕಾಗದ, ಅಚ್ಚಾದ ಹಾಳೆಯನ್ನು ಬಿಸಿ ತಗಡಿನ ನಡುವೆ ಒತ್ತುವ ಕ್ರಮ ಹೀಗೆ ಪ್ರತಿಯೊಂದನ್ನೂ ತನಗೆ ತೃಪ್ತಿಯಾಗುವವರೆಗೆ ಬದಲಿಸುತ್ತ ಹೋದ. ಅವನ ತಡವನ್ನು ಕೇವಲ ಹಠವೆಂದು ನಾವು ತಿಳಿಯಲಾರೆವು. ಉಕ್ಕಿನಲ್ಲಿ ಕೊರೆದ ಅಕ್ಷರವನ್ನು, ಚಂದಾದಾರನ ಕಪಾಟು ಸೇರಿದ ಹಾಳೆಯನ್ನು ಮರುದಿನ ಹಿಂದಕ್ಕೆ ಕರೆಸಿ ತಿದ್ದಲು ಬರುವುದಿಲ್ಲ.

ಅಷ್ಟು ಮಾಡಿದರೂ ಟೀಕೆ ತಪ್ಪಲಿಲ್ಲ. ಈ ಅಕ್ಷರಗಳ ಗೆರೆ ಅತಿ ಸಣ್ಣ, ಓದುಗರೆಲ್ಲ ಕುರುಡರಾಗುತ್ತಾರೆ ಎಂದು ಒಬ್ಬ ಗೃಹಸ್ಥ ಬೆಂಜಮಿನ್ ಫ್ರಾಂಕ್ಲಿನ್ ಮುಂದೆ ದೂರಿದನಂತೆ. ಫ್ರಾಂಕ್ಲಿನ್ ಸುಮ್ಮನೆ ಕ್ಯಾಸ್ಲನ್ ಎಂಬ ಬೇರೊಬ್ಬನ ಮಾದರಿ ಹಾಳೆಯ ಮೇಲಿನ ಹೆಸರನ್ನು ಹರಿದುಹಾಕಿ, ಇದೇ ಬ್ಯಾಸ್ಕರ್‌ವಿಲ್‌ನದೆಂದು ಮುಂದಿಟ್ಟರು. ಗೃಹಸ್ಥ ಅದರಲ್ಲಿ ಸಾಲು ಸಾಲಾಗಿ ದೋಷಗಳನ್ನು ತೋರಿಸಿದ. ಆತ ಮೆಚ್ಚುತ್ತಿದ್ದ ಕ್ಯಾಸ್ಲನ್ನನ ಅಕ್ಷರಗಳಲ್ಲೇ! 1760ರಲ್ಲಿ ಫ್ರಾಂಕ್ಲಿನ್ ಈ ಪ್ರಸಂಗವನ್ನು ಬ್ಯಾಸ್ಕರ್‌ವಿಲ್‌ಗೆ ಪತ್ರದಲ್ಲಿ ಬರೆದು ತಿಳಿಸಿದರು. ಕನ್ನಡ ಓದಲು ಬಾರದವರು ಪದಗಳನ್ನು ಯಂತ್ರಕ್ಕೆ ಒಪ್ಪಿಸಿ ಹೋಲಿಸಿದ್ದರಲ್ಲಿ ಒಂದು ಲಾಭವಿತ್ತೆಂದು ಇದನ್ನು ಓದಿದ ಮೇಲೆ ನಮಗೆ ತೋರಿತು: ಯಂತ್ರಕ್ಕೆ ಹೆಸರಿನ ಮೋಹವಿಲ್ಲ.

ತಿದ್ದಲಾಗದ ಬಿಡುಗಡೆಗೆ ಕನ್ನಡದಲ್ಲೇ ಒಂದು ಉದಾಹರಣೆಯಿದೆ, ಸ್ವಲ್ಪ ನೋವಿನದು. ‘ೞ’ ಎಂಬ ಅಕ್ಷರ ಹಳಗನ್ನಡದ್ದು. ನಾವು ಇಂದು ಮಳೆ, ಏಳು, ಬಾಳು ಎನ್ನುವಲ್ಲಿ ಹಿಂದೆ ಮೞೆ, ಏೞು, ಬಾೞ್ ಎಂದಿತ್ತು. ‘ಪೞಗನ್ನಡ’ ಎಂಬ ಹೆಸರನ್ನು ಸರಿಯಾಗಿ ಬರೆಯಲೂ ಅದು ಬೇಕು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಈ ಅಕ್ಷರದ ವಿಷಯವನ್ನು ವಿಚಾರಿಸಿದ್ದಾನೆ. ಯೂನಿಕೋಡ್‌ನಲ್ಲಿ ಅದಕ್ಕೊಂದು ಸ್ಥಾನ ಸಿಕ್ಕಿತು. ಆದರೆ ಇಂಗ್ಲಿಷಿನಲ್ಲಿ ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಫಾ’. ಫಕಾರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಎಲ್ಲರಿಗೂ ತಿಳಿದಿದೆ, ಯಾರೂ ಸಮರ್ಥಿಸುವುದಿಲ್ಲ. ಆದರೂ ತಿದ್ದಲಾಗದು. ಒಮ್ಮೆ ಪ್ರಕಟವಾದ ಅಕ್ಷರದ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬುದು ಯೂನಿಕೋಡ್‌ನ ವಾಗ್ದಾನ. ಅದನ್ನು ನಂಬಿ ಎಷ್ಟೋ ತಂತ್ರಾಂಶಗಳು ನಿಂತಿವೆ. 2006ರ 5.0 ಆವೃತ್ತಿಯಲ್ಲಿ ಇಂತಹ ತಪ್ಪು ಹೆಸರುಗಳಿಗೆಂದೇ ಒಂದು ಪರ್ಯಾಯ ನಾಮಗಳ ಪಟ್ಟಿಯನ್ನು ಮಾಡಿ, ನಮ್ಮ ಅಕ್ಷರಕ್ಕೂ ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದರು. ಮೂಲ ಹೆಸರು ಹಾಗೆಯೇ ಇದೆ. ಅದೇ ಪಟ್ಟಿಯಲ್ಲಿ ‘ಬ್ರ್ಯಾಕೆಟ್’ ಎಂಬ ಇಂಗ್ಲಿಷ್ ಪದದ ಕಾಗುಣಿತವನ್ನೇ ತಪ್ಪಿದ ಇನ್ನೊಂದು ನಮೂದೂ ಇದೆಯೆಂಬುದರಿಂದ, ಕನ್ನಡವನ್ನಷ್ಟೇ ಅಲಕ್ಷ್ಯ ಮಾಡಿದರೆಂದು ದೂರುವಂತಿಲ್ಲ.

ಆದುದರಿಂದಲೇ ಯೂನಿಕೋಡ್‌ಗೆ ಹೊಸ ಅಕ್ಷರ ಸೇರುವುದು ನಿಧಾನ. ಹಳೆಯ ಬರಹಗಳಲ್ಲಿ ಬರುವ ನಕಾರ ಪೊಲ್ಲು ಸೇರಿದ್ದು 2021ರ 14.0ರಲ್ಲಿ. ತುಳು-ತಿಗಳಾರಿ ಲಿಪಿ ವರ್ಷಗಟ್ಟಲೆ ಚರ್ಚೆಯ ಬಳಿಕ 2024ರ ಸೆಪ್ಟೆಂಬರ್‌ನಲ್ಲಿ 16.0ರಲ್ಲಿ ಬಂತು. ಕರಾವಳಿಯ ನಮ್ಮ ಸದಸ್ಯರು ಈ ತಡಕ್ಕೆ ಬೇಸರಪಟ್ಟದ್ದನ್ನು ಕೇಳಿದ್ದೇವೆ. ಬೇಸರ ನ್ಯಾಯವೇ, ಆದರೆ ‘ಫಾ’ ಎಂಬ ಹೆಸರು ಹೊತ್ತ ೞಕಾರವನ್ನು ನೋಡಿದಾಗ ಆ ನಿಧಾನದ ಬೆಲೆಯೂ ತಿಳಿಯುತ್ತದೆ.

ನಮ್ಮ ವೃತ್ತಿಗೆ ಈ ಭೇದ ಹೊಸದಲ್ಲ. ಕಲಿತದ್ದು ಮಾತ್ರ ದುಬಾರಿ ಬೆಲೆ ತೆತ್ತು. 1958ರಲ್ಲಿ ಈ ದೇಶದಲ್ಲಿ ಮಾರಾಟಕ್ಕೆ ಬಂದ ಥ್ಯಾಲಿಡೊಮೈಡ್ 1961ರ ಕೊನೆಯಲ್ಲಿ ಹಿಂತೆಗೆಯಲ್ಪಟ್ಟಿತು. ಔಷಧವನ್ನು ಅಂಗಡಿಯಿಂದ ಹಿಂತೆಗೆಯಬಹುದು. ಕೈಕಾಲು ಬೆಳೆಯದೆ ಹುಟ್ಟಿದ ಮಕ್ಕಳ ವಿಷಯದಲ್ಲಿ ಹಿಂತೆಗೆಯುವುದೆಂಬುದಿಲ್ಲ. ಅದರ ಬಳಿಕ 1964ರಲ್ಲಿ ‘ಯೆಲ್ಲೋ ಕಾರ್ಡ್’ ಎಂಬ ಪದ್ಧತಿ ಜಾರಿಗೆ ಬಂತು. ಬಿಡುಗಡೆಯಾದ ಔಷಧದಿಂದ ಅನಿರೀಕ್ಷಿತ ತೊಂದರೆ ಕಂಡರೆ ವೈದ್ಯರು ಒಂದು ಹಳದಿ ಚೀಟಿಯಲ್ಲಿ ಬರೆದು ಕಳುಹಿಸುವುದು. 2005ರಿಂದ ರೋಗಿಗಳೇ ನೇರವಾಗಿ ತಿಳಿಸಬಹುದು. ನಮ್ಮ ಸದಸ್ಯರಲ್ಲಿ ಇದನ್ನು ಬಳಸಿದವರು ವಿರಳ. ಊರಿನಿಂದ ತಂದ ಗಿಡಮೂಲಿಕೆಯ ಔಷಧಗಳಿಂದಾದ ತೊಂದರೆಯನ್ನೂ ಅಲ್ಲಿ ವರದಿ ಮಾಡಬಹುದೆಂಬುದನ್ನು ಈ ಸಂದರ್ಭದಲ್ಲಿ ನೆನಪಿಸುತ್ತೇವೆ.

ಈಗ ಕೈಪಿಡಿಯ ವಿಷಯ. ಎರಡು ಸಂಜೆಗಳ ಚರ್ಚೆಯ ಬಳಿಕ ನಾವು ಅದನ್ನು ಎರಡು ಭಾಗ ಮಾಡಿದೆವು. ನೋವಿನ ಪದಪಟ್ಟಿ, ಕರೆ ಮಾಡುವ ಕ್ರಮ, ವೈದ್ಯರ ಬಳಿ ಕೇಳಬಹುದಾದ ಪ್ರಶ್ನೆಗಳು ಇರುವ ಒಂಬತ್ತು ಪುಟಗಳನ್ನು ಯುಗಾದಿಯ ಕೂಟದಲ್ಲಿ ಹಂಚಲಿದ್ದೇವೆ. ‘ಸಂಕಟ’ ಎಂಬುದು ಕೆಲವರಿಗೆ ಎದೆಯದು, ಕೆಲವರಿಗೆ ಹೊಟ್ಟೆಯದು, ಕೆಲವರಿಗೆ ಮನಸ್ಸಿನದು ಎಂಬ ತೊಡಕು ಇನ್ನೂ ಬಗೆಹರಿದಿಲ್ಲ. ಧಾರವಾಡದವರೂ ಮಂಗಳೂರಿನವರೂ ಓದಿ ಹೇಳಿದ ಮೇಲೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು. ಮುಖಪುಟದ ಕೆಳಗೆ ಆವೃತ್ತಿ 0.9 ಎಂದು ಹಾಕಿದ್ದೇವೆ. ಕೊನೆಯ ಪುಟದಲ್ಲಿ ಒಂದು ಹಳದಿ ಚೀಟಿಯನ್ನು ಲಗತ್ತಿಸಿದ್ದೇವೆ. ತಪ್ಪು ಕಂಡವರು ಬರೆದು, ಹರಿದು, ಊಟದ ಕೋಣೆಯ ಬಾಗಿಲಲ್ಲಿರುವ ಡಬ್ಬಿಗೆ ಹಾಕಬೇಕೆಂದು ವಿನಂತಿ.

ಮಾತ್ರೆಯ ಪ್ರಮಾಣದ ಮೂರು ಪುಟಗಳನ್ನು ತಡೆದಿರಿಸಿದ್ದೇವೆ. ಅವುಗಳನ್ನು ವೈದ್ಯರಲ್ಲದ, ಮೊದಲು ನೋಡಿರದ ಐವರು ಹಿರಿಯರು ಗಟ್ಟಿಯಾಗಿ ಓದಿ, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಐವರಲ್ಲಿ ಒಬ್ಬರಿಗೆ ಬೇರೆ ಅರ್ಥವಾದರೂ ಪುಟ ಹೊರಗೆ ಹೋಗುವುದಿಲ್ಲ. ಮೈಸೂರಿನ ಹಿರಿಯರು ಏಪ್ರಿಲ್‌ನಲ್ಲಿ ಮರಳಿ ಹೋಗುವವರಿದ್ದಾರೆ. ಮೊದಲ ಓದು ಅವರದೇ. ‘ಅರ್ಧ’ ಎಂಬುದನ್ನು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರೆಮಾತ್ರೆಯ ಚಿತ್ರವನ್ನೂ ಬಿಡಿಸಿಡಿ ಎಂದು ಅವರು ಈಗಾಗಲೇ ಆಜ್ಞೆ ಮಾಡಿದ್ದಾರೆ.